ಮಣ್ಣಿನ ಗೇಮ್ ‘ನೆವರ್‌ಹುಡ್’ ಆಡುವುದು ಹೇಗೆ: ಮೊದಲು ಕಂಪ್ಯೂಟರ್, ಆಮೇಲೆ ಪ್ಲೇಸ್ಟೇಷನ್

ಗಣೇಶನ ಹಬ್ಬಕ್ಕೆ ಸ್ವಲ್ಪ ದಿನ ಮುಂಚೆ ಬೆಂಗಳೂರಿನ ಪಾಟರಿ ಟೌನ್ ಕಡೆ ಹೋಗಿದ್ದೀರಾ? ಬಣ್ಣ ಬೀಳುವ ಮೊದಲು ಮೂರ್ತಿಯ ಹೊಟ್ಟೆ ಮೇಲೆ, ಕಿವಿ ಹಿಂದೆ, ಮಾಡಿದವರ ಬೆರಳಿನ ಗುರುತು ಹಾಗೇ ಇರುತ್ತದೆ. ‘ದಿ ನೆವರ್‌ಹುಡ್’ ಗೇಮ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಅಂಥದ್ದೇ ಗುರುತು. 1996ರಲ್ಲಿ ಡಗ್ ಟೆನ್‌ನೇಪಲ್ ಮತ್ತು ಅವರ ತಂಡ ಮೂರು ಟನ್‌ಗಿಂತ ಜಾಸ್ತಿ ಕ್ಲೇ ಕಲಸಿ ಮನೆ, ಗೋಡೆ, ಸೇತುವೆ, ಗೊಂಬೆ ಎಲ್ಲ ಕೈಯಲ್ಲೇ ಮಾಡಿದರು. ಗೊಂಬೆಯನ್ನು ಚೂರು ಚೂರೇ ಅಲುಗಾಡಿಸಿ, ಒಂದೊಂದೇ ಫೋಟೋ ತೆಗೆದು ಈ ಲೋಕಕ್ಕೆ ಜೀವ ಕೊಟ್ಟರು. ಇದನ್ನು ಇವತ್ತು ಸರಿಯಾಗಿ ಆಡುವುದು ಹೇಗೆ ಅಂತ ಹೇಳುತ್ತೇನೆ.

ಮೊದಲ ಮಾತು: ಮೊದಲ ಸಲ ಕಂಪ್ಯೂಟರ್ ಆವೃತ್ತಿಯನ್ನೇ ಆಡಿ. ಪ್ಲೇಸ್ಟೇಷನ್‌ಗೆ ಬಂದದ್ದು ಎರಡನೇ ಸಲಕ್ಕೆ ಇರಲಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಗೇಮ್ ಬಂದದ್ದು ವಿಂಡೋಸ್ 95 ಕಾಲದಲ್ಲಿ. ಅದರ ಜೊತೆ ಬಂದ ಪ್ರೋಗ್ರಾಂ ಅನ್ನು ಈಗಿನ ಲ್ಯಾಪ್‌ಟಾಪ್‌ನಲ್ಲಿ ಓಡಿಸಲು ಒದ್ದಾಡಬೇಡಿ. ‘ಸ್ಕಮ್‌ವಿಎಂ’ ಅಂತ ಉಚಿತ ಪ್ರೋಗ್ರಾಂ ಇದೆ, 2014ರಿಂದ ಅದರಲ್ಲಿ ನೆವರ್‌ಹುಡ್ ನಡೆಯುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್ ಯಾವುದಾದರೂ ಸರಿ. ಆದರೆ ಗೇಮ್‌ನ ಸ್ವಂತ ಫೈಲ್‌ಗಳು ಬೇಕೇ ಬೇಕು, ಅವು ಹಳೆಯ ಸಿಡಿಯಲ್ಲಿರುತ್ತವೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಡ್ರೈವ್ ಇರುವುದಿಲ್ಲ ಅಲ್ವಾ, ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌.ಪಿ. ರೋಡ್‌ಗೆ ಹೋಗಿ ಯುಎಸ್‌ಬಿ ಡಿವಿಡಿ ಡ್ರೈವ್ ಕೇಳಿ. ಸೆಕೆಂಡ್ ಹ್ಯಾಂಡ್ ಸಿಡಿ ಕೊಳ್ಳುವುದಾದರೆ ದುಡ್ಡು ಕೊಡುವ ಮೊದಲು ಬೆಳಕಿಗೆ ಹಿಡಿದು ಎರಡೂ ಕಡೆ ನೋಡಿ. ನಾನು ಒಂದು ಅಂಗಡಿಯಲ್ಲಿ ನೋಡದೆ ತಂದು, ಅರ್ಧ ಕಾಪಿ ಆಗುವಷ್ಟರಲ್ಲಿ ಡ್ರೈವ್ ಕಿರುಗುಟ್ಟುತ್ತಾ ನಿಂತುಹೋಯಿತು, ಗೀರು ಒಳಗಿನವರೆಗೂ ಹೋಗಿತ್ತು.

ಸಿಡಿ ಓದಿದರೆ ಒಳಗಿರುವುದೆಲ್ಲವನ್ನೂ ಒಂದು ಫೋಲ್ಡರ್‌ಗೆ ಕಾಪಿ ಮಾಡಿ. ಹೆಸರಿನ ಕೊನೆಯಲ್ಲಿ ‘ಬಿಎಲ್‌ಬಿ’ ಇರುವ ಫೈಲ್‌ಗಳೇ ಗೇಮ್‌ನ ಜೀವ, ‘ನೆವ್‌ಹುಡ್.ಜೆಡ್’ ಅಂತ ಇದ್ದರೆ ಅದನ್ನೂ ಬಿಡಬೇಡಿ. ಸ್ಕಮ್‌ವಿಎಂ ತೆರೆದು ‘ಆಡ್ ಗೇಮ್’ ಒತ್ತಿ, ಆ ಫೋಲ್ಡರ್ ತೋರಿಸಿ, ‘ಸ್ಟಾರ್ಟ್’ ಒತ್ತಿ. ಅಷ್ಟೇ. ಒಂದು ಸೆಟ್ಟಿಂಗ್ ಮಾತ್ರ ಗಮನಿಸಿ: ಗೇಮ್‌ನ ಚಿತ್ರ 640×480, ಅಂದರೆ ಹಳೆ ಟಿವಿಯ ಆಕಾರ. ಅಗಲದ ಸ್ಕ್ರೀನ್ ತುಂಬಲಿ ಅಂತ ಎಳೆದರೆ ಗೊಂಬೆ ದಪ್ಪಗಾಗುತ್ತದೆ, ಕ್ಲೇ ಅಂದ ಹೋಗುತ್ತದೆ. ಎರಡು ಪಕ್ಕ ಕಪ್ಪು ಪಟ್ಟಿ ಇದ್ದರೆ ಇರಲಿ ಬಿಡಿ.

ಈಗ ಆಟ. ನೀವು ಕ್ಲೇಮೆನ್ ಅನ್ನುವ ಗೊಂಬೆ. ಒಂದು ಕೋಣೆಯಲ್ಲಿ ಎದ್ದೇಳುತ್ತೀರಿ, ಯಾರೂ ಏನೂ ಹೇಳುವುದಿಲ್ಲ. ಜೇಬಿನಲ್ಲಿ ಏನಿದೆ ಅಂತ ತೋರಿಸುವ ಪಟ್ಟಿ ಸ್ಕ್ರೀನ್ ಮೇಲೆ ಇಲ್ಲ. ಸಿಕ್ಕಿದ್ದನ್ನು ಅವನು ಎದೆಯೊಳಗೇ ಇಟ್ಟುಕೊಳ್ಳುತ್ತಾನೆ, ಬೇಕಾದ ಜಾಗದಲ್ಲಿ ಕ್ಲಿಕ್ ಮಾಡಿದರೆ ತಾನೇ ತೆಗೆಯುತ್ತಾನೆ. ಹಾಗಾಗಿ ಒಂದು ಬಾಗಿಲು ತೆರೆಯದಿದ್ದರೆ ಮುಂದೆ ಹೋಗಿ, ಆಮೇಲೆ ಮತ್ತೆ ಬನ್ನಿ.

ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಳ್ಳಿ, ಇದು ತುಂಬಾ ಮುಖ್ಯ. ಇಲ್ಲಿನ ಎಷ್ಟೋ ಒಗಟುಗಳ ಉತ್ತರ, ಅಂದರೆ ಗುರುತುಗಳ ಸಾಲು, ರೇಡಿಯೋ ಟ್ಯೂನ್ ಮಾಡುವ ಜಾಗ, ಗಾಜಿನ ಕೊಳವೆಗಳಿಗೆ ಹಾಕಬೇಕಾದ ಅಳತೆ, ಇವೆಲ್ಲ ಪ್ರತಿ ಹೊಸ ಆಟಕ್ಕೂ ಬದಲಾಗುತ್ತವೆ. ಬೇರೆಯವರು ಬರೆದಿಟ್ಟ ಕೋಡ್ ನಿಮಗೆ ಕೆಲಸ ಮಾಡುವುದಿಲ್ಲ. ಗೋಡೆ ಮೇಲೆ ಏನಾದರೂ ಚಿತ್ರ, ಗುರುತು ಕಂಡರೆ ಅಲ್ಲೇ ಬರೆದುಕೊಳ್ಳಿ, ಅಥವಾ ಮೊಬೈಲ್‌ನಲ್ಲಿ ಫೋಟೋ ಹೊಡೆದುಕೊಳ್ಳಿ. ಅಕ್ಕನ ಮಗ ನನ್ನ ಪಕ್ಕ ಕೂತು ಗುರುತುಗಳನ್ನು ಬರೆಯುತ್ತಾ ಹೋದ, ನಾನು ಮೌಸ್ ಹಿಡಿದೆ. ಒಬ್ಬರೇ ಆಡುವುದಕ್ಕಿಂತ ಹೀಗೆ ಆಡಿದರೆ ಎಷ್ಟು ಚೆನ್ನಾಗಿರುತ್ತೆ ಅಂತ ಆಗ ಗೊತ್ತಾಯಿತು. ಸ್ವರ ಹೊಂದಿಸುವ ಒಗಟು ಬಂದಾಗ ಸೌಂಡ್ ಜೋರಾಗಿರಲಿ. ಟೆರ್ರಿ ಸ್ಕಾಟ್ ಟೇಲರ್ ಮಾಡಿದ ಸಂಗೀತಕ್ಕಾದರೂ ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ, ಬಾಯಲ್ಲಿ ಗೊಣಗಿದ ಹಾಗೆ ಹಾಡುವ ಆ ಹಾಡುಗಳನ್ನು ನಾನು ಬೇರೆಲ್ಲೂ ಕೇಳಿಲ್ಲ.

ದಾರಿಯಲ್ಲಿ ಡಿಸ್ಕ್‌ಗಳು ಸಿಗುತ್ತವೆ, ಅವುಗಳಲ್ಲಿ ಇನ್ನೊಂದು ಗೊಂಬೆ, ವಿಲ್ಲಿ ಟ್ರಾಂಬೋನ್, ಕಥೆ ಹೇಳುತ್ತಾನೆ. ಒಂದನ್ನೂ ಬಿಡಬೇಡಿ. ‘ಹಾಲ್ ಆಫ್ ರೆಕಾರ್ಡ್ಸ್’ ಅಂತ ಒಂದು ಉದ್ದನೆ ಓಣಿ ಬರುತ್ತದೆ, ಗೋಡೆ ತುಂಬಾ ಬರಹ, ಬರೋಬ್ಬರಿ 38 ಸ್ಕ್ರೀನ್. ಆ ತುದಿಯಲ್ಲಿ ಡಿಸ್ಕ್ ಇದೆ, ಆದ್ದರಿಂದ ಹೋಗಲೇಬೇಕು, ತಿರುಗಿ ನಡೆದು ಬರಲೂ ಬೇಕು. ಸ್ಕಮ್‌ವಿಎಂ ಸೆಟ್ಟಿಂಗ್‌ನಲ್ಲಿ ಈ ಓಣಿಯನ್ನು ಬೇಗ ದಾಟುವ ಆಯ್ಕೆ ಇದೆ. ಮೊದಲ ಸಲ ಹೋಗುವಾಗ ಪೂರ್ತಿ ನಡೆಯಿರಿ, ಬರುವಾಗ ಬೇಕಾದರೆ ಆ ಆಯ್ಕೆ ಹಾಕಿಕೊಳ್ಳಿ. ಇನ್ನೊಂದು ಕಡೆ ನೆಲದಲ್ಲಿ ಒಂದು ತೂತು ಇದೆ, ಹಾರಬೇಡಿ ಅಂತ ಬೋರ್ಡ್‌ಗಳೂ ಇವೆ. ಇಡೀ ಗೇಮ್‌ನಲ್ಲಿ ನೀವು ಸಾಯುವ ಜಾಗ ಅದೊಂದೇ, ಸೇವ್ ಮಾಡಿಕೊಂಡು ಒಮ್ಮೆ ಹಾರಿಯೂ ನೋಡಿ! ಮಳೆಗಾಲದ ಸಂಜೆ ಆಡುವುದಾದರೆ ಒಗಟು ಬಿಡಿಸಿದ ಕೂಡಲೇ ಸೇವ್ ಮಾಡಿ, ನಮ್ಮ ಕಡೆ ನಾಲ್ಕು ಹನಿ ಬಿದ್ದರೆ ಕರೆಂಟ್ ಹೋಗುತ್ತದೆ.

ಇನ್ನು ಪ್ಲೇಸ್ಟೇಷನ್. 1998ರಲ್ಲಿ ರಿವರ್‌ಹಿಲ್‌ಸಾಫ್ಟ್ ಇದನ್ನು ‘ಕ್ಲೇಮೆನ್ ಕ್ಲೇಮೆನ್’ ಅಂತ ಹೊರತಂದಿತು, ಜಪಾನ್‌ನಲ್ಲಿ ಮಾತ್ರ. ಭಾಷೆಯೂ ಜಪಾನೀಸ್. ಆ ಮೆಷಿನ್‌ಗೆ ಇದ್ದದ್ದು 2 ಎಂಬಿ ಮೆಮೊರಿ, ಸಿಡಿ ಓದುವ ವೇಗ ಸೆಕೆಂಡಿಗೆ 300 ಕೆಬಿ. ಕಂಪ್ಯೂಟರ್‌ಗಾಗಿ ತೆಗೆದ ಅಷ್ಟೊಂದು ಫೋಟೋಗಳನ್ನು ಅದರೊಳಗೆ ತುಂಬಿಸುವುದು ಸುಮ್ನೆ ಮಾತಲ್ಲ. ನನಗೆ ಬೇಕಾದ ಬೆರಳಿನ ಗುರುತನ್ನು ಕಂಪ್ಯೂಟರ್‌ನ ಚಿತ್ರದಲ್ಲೇ ನೋಡಬೇಕು. ಕಂಪ್ಯೂಟರ್ ಮೊದಲು ಅಂದದ್ದು ಅದಕ್ಕೇ. ಕಥೆ ಮೊದಲೇ ಗೊತ್ತಿದ್ದರೆ ಭಾಷೆ ಬರದಿದ್ದರೂ ತೊಂದರೆ ಆಗುವುದಿಲ್ಲ, ಅದೂ ಒಂದು ಕಾರಣ.

ಡಿಸ್ಕ್ ತರಿಸಿದರೆ ಇಲ್ಲಿ ಸಿಗುವ ಹಳೆ ಪ್ಲೇಸ್ಟೇಷನ್‌ಗೆ ಹಾಕಿ ನೋಡಿ ಬೇಜಾರು ಮಾಡಿಕೊಳ್ಳಬೇಡಿ. ಜಪಾನ್ ಡಿಸ್ಕ್‌ಗೆ ಜಪಾನ್ ಮೆಷಿನ್ನೇ ಬೇಕು, ಬೇರೆ ದೇಶದ ಮೆಷಿನ್ ಅದನ್ನು ಒಪ್ಪುವುದಿಲ್ಲ. ಕೊಳ್ಳುವಾಗ ಹೆಸರನ್ನೂ ಸರಿಯಾಗಿ ಓದಿ. ‘ಕ್ಲೇಮೆನ್ ಕ್ಲೇಮೆನ್ 2’ ಅಂದರೆ ಅದು ‘ಸ್ಕಲ್‌ಮಂಕೀಸ್’, ಇದೇ ಗೊಂಬೆ ಇದ್ದರೂ ಓಡಿ ಹಾರಿ ಆಡುವ ಬೇರೆಯೇ ಗೇಮ್, ಒಗಟಿನ ಆಟ ಅಲ್ಲ. ಅದೂ ಚೆನ್ನಾಗಿದೆ, ಆದರೆ ಕೈಚಳಕ ಬೇಕು. ಅಮೆರಿಕದಲ್ಲೂ ಬಂದಿದ್ದರಿಂದ ಇಂಗ್ಲಿಷ್‌ನಲ್ಲೇ ಸಿಗುತ್ತದೆ.

ಕಂಪ್ಯೂಟರ್‌ನಲ್ಲಿ ಕೊನೆಗೆ ಬಂದಾಗ ಇನ್ನೊಂದು ಕೆಲಸ ಮರೆಯಬೇಡಿ. ಖಳನಾಯಕ ಕ್ಲೋಗ್‌ನ ಎದುರು ನಿಲ್ಲುವ ಮುಂಚೆ ಬೇರೆ ಹೆಸರಿನಲ್ಲಿ ಒಂದು ಸೇವ್ ಮಾಡಿ. ಅಲ್ಲಿ ನಿಮಗೊಂದು ಆಯ್ಕೆ ಇದೆ, ಎರಡು ಮುಕ್ತಾಯಗಳಿವೆ, ಎರಡನ್ನೂ ನೋಡಬೇಕು.