ಅಮ್ಮನ ಟ್ರಂಕು ತೆರೆಯುವುದು ಹೇಗೆ

ಟ್ರಂಕು ತೆರೆಯೋದನ್ನೂ ಹೇಳಿಕೊಡಬೇಕಾ ಅಂತ ನಗಬೇಡಿ. ಸಕಲೇಶಪುರದ ಮನೆ ಖಾಲಿ ಮಾಡಿ ಅಮ್ಮನನ್ನು ಬೆಂಗಳೂರಿಗೆ ಕರೆತರುವಾಗ ಅಕ್ಕ, ನಾನು, ತಮ್ಮ ಮೂರೂ ಜನ ಸೇರಿ ಒಂದೇ ಮಧ್ಯಾಹ್ನದಲ್ಲಿ ಎಷ್ಟು ತಪ್ಪು ಮಾಡಬಹುದೋ ಅಷ್ಟೂ ಮಾಡಿದೆವು. ಒಂದು ಫೋಟೋ ಹರಿಯಿತು, ಒಂದು ಹೂದಾನಿಯ ಬಣ್ಣ ಹೋಯಿತು, ಅಕ್ಕನೂ ತಮ್ಮನೂ ಎರಡು ದಿನ ಮಾತು ಬಿಟ್ಟರು. ನಿಮ್ಮ ಮನೆಯಲ್ಲೂ ಅಟ್ಟದ ಮೇಲೋ ಮಂಚದ ಕೆಳಗೋ ಒಂದು ತಗಡಿನ ಟ್ರಂಕು ಇದ್ದೇ ಇರುತ್ತದೆ, ಅಲ್ವಾ? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕುರ್ಚಿ ಹಾಕಿ

ಟ್ರಂಕಿನ ಪಕ್ಕ ಒಂದು ಕುರ್ಚಿ. ಅದರಲ್ಲಿ ಅಮ್ಮ. ಅಥವಾ ಅಜ್ಜಿ, ಅತ್ತೆ, ಯಾರಿಗೆ ಆ ಸಾಮಾನಿನ ಗುರುತು ಇದೆಯೋ ಅವರು. "ನೀನು ಮಲಕ್ಕೋ ಅಮ್ಮ, ನಾವು ನೋಡ್ಕೋತೀವಿ" ಅಂತ ಹೇಳಬೇಡಿ. ನಾವು ಹಾಗೆ ಹೇಳಿ ಮೊದಲ ಒಂದು ಗಂಟೆ ಹಾಳು ಮಾಡಿಕೊಂಡೆವು. ಯಾವ ಸೀರೆ ಯಾರದು, ಫೋಟೋದಲ್ಲಿ ಕೊನೆಗೆ ನಿಂತ ಹುಡುಗ ಯಾರು, ಒಂದೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನೆಲ್ಲ ನಾವು 'ಬೇಡ' ಅನ್ನೋ ಗುಡ್ಡೆಗೆ ಎಸೆಯುತ್ತಿದ್ದೆವು.

ಫೋನಿನಲ್ಲಿ ರೆಕಾರ್ಡರ್ ಹಾಕಿ ಪಕ್ಕದಲ್ಲಿಡಿ. ಒಂದು 200 ಪುಟದ ನೋಟ್‌ಬುಕ್ ಇರಲಿ. ಒಂದೊಂದೇ ಸಾಮಾನು ಹೊರಗೆ ತೆಗೆಯಿರಿ, ಒಂದು ನಂಬರ್ ಕೊಡಿ, ಆ ನಂಬರ್ ಬರೆದ ಚೀಟಿಯನ್ನು ಹತ್ತಿ ದಾರದಲ್ಲಿ ಕಟ್ಟಿ. ಗುಂಡುಪಿನ್ನು ಬೇಡ, ರಬ್ಬರ್ ಬ್ಯಾಂಡ್ ಬೇಡ. ಪಿನ್ನು ತುಕ್ಕು ಹಿಡಿಯುತ್ತದೆ, ರಬ್ಬರ್ ಕರಗಿ ಅಂಟಿಕೊಳ್ಳುತ್ತದೆ.

ಕೇಳುವ ರೀತಿಯೂ ಒಂದಿದೆ. "ಇದರ ಕಥೆ ಹೇಳಮ್ಮ" ಅಂದರೆ "ಏನು ಕಥೆ, ಸೀರೆ ಅಷ್ಟೆ" ಅಂತಾರೆ. "ಎಲ್ಲಿ ತಗೊಂಡಿದ್ದು, ಎಷ್ಟು ಕೊಟ್ಟೆ?" ಅಂತ ಕೇಳಿ ನೋಡಿ. ನಿನ್ನೆ ಏನು ತಿಂದೆ ಅನ್ನೋದು ನಮ್ಮಮ್ಮನಿಗೆ ಮರೆಯುತ್ತದೆ, ಸೀರೆಗೆ ಕೊಟ್ಟ ದುಡ್ಡು ಮರೆಯಲ್ಲ. ದುಡ್ಡಿನ ಹಿಂದೆಯೇ ಅಂಗಡಿ ಬರುತ್ತದೆ, ಅಂಗಡಿಯ ಹಿಂದೆ ಜೊತೆಗೆ ಹೋಗಿದ್ದ ಗೆಳತಿ, ಗೆಳತಿಯ ಹಿಂದೆ ಮಳೆ, ಬಸ್ಸು, ಬಸ್ಸಿನಲ್ಲಿ ಮರೆತು ಬಂದ ಕೊಡೆ, ಆ ಕೊಡೆಗಾಗಿ ಅಪ್ಪ ಬೈದಿದ್ದು. ಸುಮ್ನೆ ಬರೆದುಕೊಳ್ಳುತ್ತಾ ಹೋಗಿ.

ರೇಷ್ಮೆ

ನಮ್ಮ ಟ್ರಂಕಿನ ತಳದಲ್ಲಿದ್ದದ್ದು ಅಮ್ಮನ ಧಾರೆ ಸೀರೆ. ಮೈಸೂರು ಸಿಲ್ಕ್, ಕಡು ನೇರಳೆ. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಮೈಸೂರಿನ ಆ ಫ್ಯಾಕ್ಟರಿಯದ್ದೇ ಸೀರೆ ಅಂತ ಅಮ್ಮನಿಗೆ ಬಹಳ ಹೆಮ್ಮೆ. ಅದಕ್ಕೇ ಧಾರೆಯ ದಿನ ಬಿಟ್ಟು ಮತ್ತೆ ಉಡಲೇ ಇಲ್ಲ. "ಒಳ್ಳೆ ದಿನಕ್ಕಿರಲಿ" ಅಂತ ಪ್ಲಾಸ್ಟಿಕ್ ಕವರ್ ಸುತ್ತಿ, ಕವರಿನೊಳಗೆ ನುಸಿಗುಳಿಗೆ ಹಾಕಿ, ಇಪ್ಪತ್ತು ವರ್ಷ ಇಟ್ಟಿದ್ದಳು. ಅಕ್ಕ ಮಡಿಕೆ ಬಿಡಿಸಿದಳು ನೋಡಿ, ಮಡಿಕೆಯ ಗೆರೆಯುದ್ದಕ್ಕೂ ಸೀರೆ ಹಪ್ಪಳದ ಹಾಗೆ ಪಟಪಟ ಅಂತ ಬಿಟ್ಟುಕೊಂಡಿತು. ಸದ್ದು ಕೇಳಿಸಿತು ನಮಗೆ. ಅಮ್ಮ ಏನೂ ಹೇಳಲಿಲ್ಲ, ಜರಿಯ ಮೇಲೆ ಒಂದು ಸಲ ಬೆರಳಾಡಿಸಿದಳು. ಜರಿ ಕಪ್ಪಾಗಿತ್ತು.

ನಿಮ್ಮ ಮನೆಯಲ್ಲಿ ಹೀಗಾಗಬಾರದು ಅಂದರೆ ಇಷ್ಟು ಮಾಡಿ. ಪ್ಲಾಸ್ಟಿಕ್ ಕವರ್ ಇವತ್ತೇ ತೆಗೆಯಿರಿ, ಒಳಗಿನ ತೇವ ಹೊರಗೆ ಹೋಗೋದಕ್ಕೆ ಅದು ಬಿಡಲ್ಲ. ಅಪ್ಪನ ಹಳೇ ಬಿಳಿ ಪಂಚೆ ಇದೆಯಲ್ಲ, ಒಗೆದೂ ಒಗೆದೂ ಮೆತ್ತಗಾದದ್ದು, ಅದಕ್ಕಿಂತ ಒಳ್ಳೆ ಹೊದಿಕೆ ಇಲ್ಲ. ನ್ಯೂಸ್‌ಪೇಪರ್ ಬೇಡ, ಶಾಯಿ ಅಂಟುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಹೊರಗೆ ತೆಗೆದು ನೆರಳಿನಲ್ಲಿ ಗಾಳಿಗೆ ಹರವಿ, ಆಮೇಲೆ ಹಳೇ ಗೆರೆಗೆ ಮಡಿಸದೆ ಬೇರೆ ಕಡೆ ಮಡಿಸಿ. ಇದೊಂದನ್ನು ಮಾಡಿದರೆ ಅರ್ಧ ಕೆಲಸ ಆದ ಹಾಗೆ. ಜರಿ ಜಾಸ್ತಿ ಇರುವ ಸೀರೆಯನ್ನು ಹ್ಯಾಂಗರ್‌ಗೆ ನೇತು ಹಾಕಬೇಡಿ, ಭಾರಕ್ಕೆ ಬಟ್ಟೆ ಜಗ್ಗುತ್ತದೆ.

ಜರಿ ಕಪ್ಪಾಗೋದು ಯಾಕೆ ಅಂದರೆ ಅಸಲಿ ಜರಿಯಲ್ಲಿ ಇರೋದು ಹೆಚ್ಚಾಗಿ ಬೆಳ್ಳಿಯೇ. ಮೈಸೂರು ಸಿಲ್ಕ್ ಜರಿಯಲ್ಲಿ ಶೇ. 65 ಬೆಳ್ಳಿ, ಚಿನ್ನ ಶೇ. 0.65 ಮಾತ್ರ, ಮೇಲಿನ ಲೇಪಕ್ಕೆ. ಮನೆಯ ಬೆಳ್ಳಿ ದೀಪ ಕಪ್ಪಾಗುವ ಹಾಗೇ ಇದೂ ಆಗುತ್ತದೆ. ಹಾಗಂತ ದೀಪ ತಿಕ್ಕಿದ ಹಾಗೆ ನಿಂಬೆಹಣ್ಣು, ಹುಣಸೆಹಣ್ಣು ತಗೊಂಡು ಹೊರಡಬೇಡಿ. ಸೆಂಟನ್ನೂ ನೇರ ಸೀರೆಯ ಮೇಲೆ ಹೊಡೆಯಬೇಡಿ. ಹುಳುವಿಗೆ ನುಸಿಗುಳಿಗೆಯ ಬದಲು ಒಣಗಿದ ಬೇವಿನೆಲೆ, ಲವಂಗ, ಬಜೆ ಬೇರಿನ ತುಂಡು, ಯಾವುದಾದರೂ ಒಂದನ್ನು ಸಣ್ಣ ಬಟ್ಟೆ ಗಂಟು ಕಟ್ಟಿ ಮೂಲೆಯಲ್ಲಿಡಿ. ಗಂಟು ಸೀರೆಗೆ ತಾಗಬಾರದು. ಟ್ರಂಕಿನ ಒಳಗೆ ಸುತ್ತಲೂ ಹಳೇ ಹತ್ತಿ ಬೆಡ್‌ಶೀಟ್ ಹಾಸಿ. ತಗಡಿನ ತುಕ್ಕಿನ ಕಲೆ ಒಮ್ಮೆ ಹತ್ತಿತು ಅಂದರೆ ಮುಗಿಯಿತು.

ಆಗಲೇ ಬಿಟ್ಟುಕೊಂಡ ಸೀರೆಗೆ ಏನು ಮಾಡೋದು? ಉಡೋ ಆಸೆ ಬಿಡಿ. ಗಟ್ಟಿ ಇರುವ ಭಾಗ ನೋಡಿ ಉಳಿಸಿಕೊಳ್ಳಿ. ಅಮ್ಮನ ಸೀರೆಯ ಸೆರಗಿನಿಂದ ಮೂರು ಚೌಕ ತೆಗೆದು ಫ್ರೇಮ್ ಹಾಕಿಸಿದೆವು, ಮೂರು ಮನೆಗೆ ಮೂರು. ಹತ್ತಿ ಸೀರೆಗಳಾದರೆ ಕೌದಿ ಹೊಲಿಸಿ, ಅದರಲ್ಲಿ ಯೋಚನೆ ಮಾಡೋದೇ ಬೇಡ.

ಫೋಟೋ, ಕಾಗದ

ಹರಿದ ಫೋಟೋ ತಮ್ಮನ ಕೈಚಳಕ. ಅಂಟು ಹಾಳೆಯ ಮೇಲೆ ಪ್ಲಾಸ್ಟಿಕ್ ಪೊರೆ ಎಳೆಯುವ ಆಲ್ಬಮ್ ನೆನಪಿದೆಯಾ? ಒಂದು ಕಾಲದಲ್ಲಿ ಎಲ್ಲರ ಮನೆಯಲ್ಲೂ ಅದೇ. ಫೋಟೋಗೆ ಅಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ಅಂಟು ಒಣಗಿ ಫೋಟೋ ಹಾಳೆಗೆ ಕಚ್ಚಿಕೊಂಡಿರುತ್ತದೆ. ಉಗುರು ಹಾಕಿ ಎಳೆದರೆ ಅತ್ತೆಯ ಅರ್ಧ ಮುಖ ಆಲ್ಬಮ್‌ನಲ್ಲೇ ಉಳಿಯುತ್ತದೆ, ನಮ್ಮಲ್ಲಿ ಉಳಿದ ಹಾಗೆ. ಮೊದಲು ಹಾಳೆ ಸಮೇತ ಸ್ಕ್ಯಾನ್ ಮಾಡಿ, ಸ್ಕ್ಯಾನರ್‌ನಲ್ಲಿ ಚಿತ್ರ ಎಷ್ಟು ಸೂಕ್ಷ್ಮವಾಗಿ ಬರಬೇಕು ಅನ್ನೋ ಅಳತೆಯನ್ನು 600 ಡಿಪಿಐ ಇಟ್ಟರೆ ದೊಡ್ಡದು ಮಾಡಿದರೂ ಚೆನ್ನಾಗಿ ಬರುತ್ತದೆ. ಆಮೇಲೆ ಹಲ್ಲಿನ ಸಂದಿಗೆ ಬಳಸುವ ಫ್ಲಾಸ್ ದಾರವನ್ನು ಫೋಟೋದ ಒಂದು ಮೂಲೆಯ ಅಡಿಗೆ ತೂರಿಸಿ, ಗರಗಸದ ಹಾಗೆ ನಿಧಾನವಾಗಿ ಆ ಕಡೆ ಈ ಕಡೆ ಎಳೆಯುತ್ತಾ ಬಿಡಿಸಿ. ಬರಲಿಲ್ಲವೋ, ಬಿಟ್ಟುಬಿಡಿ. ಫ್ರೇಮಿನ ಗಾಜಿಗೆ ಅಂಟಿಕೊಂಡ ಫೋಟೋಗಂತೂ ಕೈ ಹಾಕಲೇಬೇಡಿ, ಗಾಜಿನ ಸಮೇತವೇ ಒಂದು ಪ್ರತಿ ತೆಗೆದುಕೊಳ್ಳಿ.

ಸ್ಕ್ಯಾನರ್ ಇಲ್ಲದಿದ್ದರೆ ಕಿಟಕಿ ಪಕ್ಕ, ಬಿಸಿಲು ನೇರ ಬೀಳದ ಕಡೆ ಇಟ್ಟು ಫೋನಿನಲ್ಲಿ ತೆಗೆಯಿರಿ. ಫ್ಲ್ಯಾಶ್ ಬೇಡ. ಹಿಂದೆ ಹೆಸರು ಬರೆಯುವುದಾದರೆ ಮೆದು ಪೆನ್ಸಿಲ್‌ನಲ್ಲಿ ಹಗುರವಾಗಿ ಬರೆಯಿರಿ. ಬಾಲ್‌ಪೆನ್ ಒತ್ತಿದರೆ ಅಚ್ಚು ಮುಂದಕ್ಕೆ ಬರುತ್ತದೆ. ಹಿಂದೆ ಆಗಲೇ ಏನಾದರೂ ಬರೆದಿದ್ದರೆ ಆ ಕಡೆಯನ್ನೂ ತೆಗೆದುಕೊಳ್ಳಿ, ಎಷ್ಟೋ ಸಲ ಮುಂದಿನದಕ್ಕಿಂತ ಹಿಂದಿನದೇ ಚೆನ್ನಾಗಿರುತ್ತದೆ. ನೀಲಿ ಇನ್‌ಲ್ಯಾಂಡ್ ಪತ್ರಗಳಿದ್ದರೆ ಬಿಡಿಸಿ, ಮಡಿಕೆಯಿಲ್ಲದೆ ಚಪ್ಪಟೆಯಾಗಿ ಇಡಿ. ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅಪ್ಪ ಅಮ್ಮನಿಗೆ ಬರೆದ ಕಾಗದ ಸಿಕ್ಕರೆ ಅಮ್ಮನ ಕೈಗೆ ಕೊಡಿ, ಓದಬೇಡಿ. ನಾವು ಎರಡು ಸಾಲು ಓದಿದೆವು. ಅಮ್ಮ ಕಿತ್ತುಕೊಂಡಳು, ಮುಖ ಕೆಂಪಾಗಿತ್ತು, ಆಮೇಲೆ ಸಂಜೆಯವರೆಗೂ ಯಾಕೋ ಖುಷಿಯಾಗಿದ್ದಳು.

ಲೋಹದ ಸಾಮಾನು

ಹಿತ್ತಾಳೆಗೆ ಹುಣಸೆಹಣ್ಣು, ಉಪ್ಪು ಸಾಕು, ತಿಕ್ಕಿ ತೊಳೆದು ಕೂಡಲೇ ಒಣಬಟ್ಟೆಯಲ್ಲಿ ಒರೆಸಿ. ಒರೆಸದಿದ್ದರೆ ಮರುದಿನವೇ ಚುಕ್ಕೆ. ಅಡುಗೆಗೆ ಬಳಸುವುದಾದರೆ ಒಳಗೆ ಕಲಾಯಿ ಇದೆಯಾ ನೋಡಿ. ಇಲ್ಲದಿದ್ದರೆ ಹುಳಿ, ಸಾರು, ಮಜ್ಜಿಗೆ ಕಿಲುಬು ಹಿಡಿಯುತ್ತದೆ, ಹೊಟ್ಟೆಗೂ ಆಗಲ್ಲ. ಕಲಾಯಿ ಅಂದರೆ ತವರ. 232 ಡಿಗ್ರಿಗೆಲ್ಲ ಕರಗಿಬಿಡುತ್ತದೆ. ಅದಕ್ಕೇ ಬರೀ ಪಾತ್ರೆಯನ್ನು ಗ್ಯಾಸ್ ಮೇಲೆ ಕಾಯಲು ಇಟ್ಟು ಮರೆಯಬೇಡಿ, ನೀರೋ ಎಣ್ಣೆಯೋ ಹಾಕಿಯೇ ಇಡಿ.

ಈಗ ನನ್ನ ತಪ್ಪು. ಅಪ್ಪನ ಹತ್ತಿರ ಒಂದು ಪುಟ್ಟ ಹೂದಾನಿ ಇತ್ತು, ಕಪ್ಪು ಮೈ, ಅದರ ಮೇಲೆ ಬೆಳ್ಳಿ ಬಳ್ಳಿ. ಅಯ್ಯೋ ಎಷ್ಟು ಕಪ್ಪಾಗಿದೆ ಅಂತ ಪಾತ್ರೆ ತಿಕ್ಕುವ ಪುಡಿ ಹಾಕಿ, ನಾರು ತಗೊಂಡು ಚೆನ್ನಾಗಿ ತಿಕ್ಕಿದೆ. ಕಪ್ಪು ಹೋಗಿ ಬೂದಿ ಬಣ್ಣ ಬಂತು. ಬೆಳ್ಳಿ ಬಳ್ಳಿ ಎಲ್ಲಿದೆ ಅಂತಲೇ ಕಾಣಿಸದು. ಅದು ಬಿದ್ರಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರ ಅನ್ನೋ ಉಪ್ಪಿನ ಜೊತೆ ಕುದಿಸಿ ಮೈಗೆ ಕಪ್ಪು ಬರಿಸುತ್ತಾರೆ. ಆ ಮಣ್ಣು ಬೆಳ್ಳಿಯನ್ನು ಮುಟ್ಟಲ್ಲ, ಉಳಿದದ್ದನ್ನು ಮಾತ್ರ ಕಪ್ಪು ಮಾಡುತ್ತದೆ. ಅಂದರೆ ನಾನು ತೊಳೆದು ಹಾಕಿದ್ದು ಕೊಳೆಯಲ್ಲ, ಕೆಲಸವೇ.

ಅದನ್ನು ಕೊಟ್ಟದ್ದು ಅಪ್ಪನ ಬೀದರಿನ ಗೆಳೆಯರು, ಇಬ್ಬರೂ ಒಂದೇ ಆಫೀಸಿನಲ್ಲಿ ಇದ್ದವರು. ಅಮ್ಮನ ಹಳೇ ಡೈರಿಯಲ್ಲಿ ನಂಬರ್ ಹುಡುಕಿ, ಹೆದರಿಕೊಂಡೇ ಫೋನ್ ಮಾಡಿದೆ. "ಹಿತ್ತಾಳಿ ಅಂತ ತಿಳಕೊಂಡು ತಿಕ್ಕಿದೇನವ್ವಾ?" ಅಂತ ನಕ್ಕರು. "ನಿಮ್ಮಪ್ಪಗ ಆವಾಗಾನ ಹೇಳಿದ್ದೆ, ಕೊಬ್ಬರಿ ಎಣ್ಣಿ ಬಿಟ್ಟು ಏನೂ ಹಚ್ಚಬ್ಯಾಡ ಅಂತ." ಆಮೇಲೆ ನಲವತ್ತು ನಿಮಿಷ ಅಪ್ಪನ ಬಗ್ಗೆ ಮಾತಾಡಿದರು. ಅಪ್ಪ ಕೊಳಲು ಕಲಿಯಲು ಹೋಗಿ ಪಕ್ಕದ ಮನೆಯವರ ಕೈಲಿ ಬೈಸಿಕೊಂಡಿದ್ದರಂತೆ! ನಮಗೆ ಯಾರಿಗೂ ಗೊತ್ತಿರಲಿಲ್ಲ, ಅಮ್ಮನಿಗೂ. ಹೂದಾನಿಯನ್ನು ಬೀದರಿಗೆ ಕಳಿಸಿದರೆ ಕುಶಲಕರ್ಮಿಗಳ ಹತ್ತಿರ ಮತ್ತೆ ಕಪ್ಪು ಮಾಡಿಸಿಕೊಡುತ್ತೇನೆ ಅಂದರು. ಮಾಡಿಸಿಯೂ ಕೊಟ್ಟರು. ಈಗ ಮೆತ್ತನೆ ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ, ಅಷ್ಟೇ. ನೀರು ಕೂಡ ಇಲ್ಲ.

ಅದಕ್ಕೇ ಹೇಳಿದ್ದು, ಯಾವುದಾದರೂ ಸಾಮಾನು ಏನು ಅಂತ ಖಚಿತವಾಗಿ ಗೊತ್ತಾಗುವವರೆಗೆ ತೊಳೆಯಬೇಡಿ. ಧೂಳು ನಾಲ್ಕು ದಿನ ಇದ್ದರೆ ಏನೂ ಆಗಲ್ಲ.

ಗೊಂಬೆಗಳು

ಪಟ್ಟದ ಗೊಂಬೆ ಬಗ್ಗೆ ಹೇಳೋದು ಕಮ್ಮಿ, ಯಾಕೆಂದರೆ ಅವಕ್ಕೆ ಏನೂ ಆಗಿರಲಿಲ್ಲ. ಅಜ್ಜಿ ಅಮ್ಮನಿಗೆ ಮದುವೆಯಲ್ಲಿ ಕೊಟ್ಟ ರಾಜ ರಾಣಿ, ಧಾರೆ ಸೀರೆಯ ಜೊತೆಗೇ ಆ ಮನೆಗೆ ಬಂದವರು. ಪ್ರತಿ ನವರಾತ್ರಿಗೆ ಪೆಟ್ಟಿಗೆಯಿಂದ ಹೊರಗೆ ಬಂದು, ಧೂಳು ಕೊಡವಿಸಿಕೊಂಡು, ಹೊಸ ಸೀರೆ ಪಂಚೆ ಉಟ್ಟು, ಹತ್ತು ದಿನ ಗಾಳಿ ಕುಡಿದು ಒಳಗೆ ಹೋಗುತ್ತಿದ್ದವು. ಅದೇ ಮಳೆ, ಅದೇ ಮನೆ. ಮೆತ್ತನೆ ಬ್ರಷ್‌ನಲ್ಲಿ ಒರೆಸಿ, ಒದ್ದೆ ಬಟ್ಟೆ ತಾಗಿಸಬೇಡಿ, ಬಣ್ಣ ಏಳುತ್ತದೆ. ಚನ್ನಪಟ್ಟಣದ ಬೊಂಬೆಗೂ ಹೀಗೇ. ಅದರ ಹೊಳಪು ಅರಗಿನದು, ಬಿಸಿಲಿಗೆ, ಬಿಸಿಗೆ ಇಡಬೇಡಿ.

ಹಂಚಿಕೊಳ್ಳುವುದು

ಜಗಳ ಆಗೋದು ಬೆಲೆಬಾಳುವ ಸಾಮಾನಿಗಲ್ಲ. ಅಕ್ಕ ತಮ್ಮ ಮಾತು ಬಿಟ್ಟದ್ದು ಅಕ್ಕಿ ಅಳೆಯುವ ಹಿತ್ತಾಳೆ ಪಾವಿಗೆ. ಇಬ್ಬರೂ ಚಿಕ್ಕವರಿದ್ದಾಗ ಅದರಲ್ಲಿ ಹುರಿಗಡಲೆ ತುಂಬಿಕೊಂಡು ತಿಂದವರು.

ಎರಡು ಕೆಲಸ ಮಾಡಿ. ಒಡವೆಯ ಮಾತು ಆ ದಿನ ಬೇಡವೇ ಬೇಡ, ಅದನ್ನು ಬೇರೆ ದಿನ, ಕಾಗದದ ಮೇಲೆ ಮಾತಾಡಿ. ಅಮ್ಮ ಇದ್ದಾಗ ಅಮ್ಮನ ಒಡವೆ ಸೀರೆ ಅಮ್ಮನವೇ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಪ್ರಕಾರ ಅದಕ್ಕೆ ಅವಳು ಪೂರ್ತಿ ಒಡತಿ, ಯಾರಿಗೆ ಕೊಡಬೇಕು ಅನ್ನೋದು ಅವಳ ಇಷ್ಟ. "ಅಕ್ಕನಿಗೆ ಇಷ್ಟು, ನನಗೆ ಇಷ್ಟು" ಅಂತ ಮಕ್ಕಳು ಲೆಕ್ಕ ಹಾಕೋದು ನೋಡೋಕೂ ಚೆನ್ನಾಗಿರಲ್ಲ.

ಇನ್ನೊಂದು, ಉಳಿದ ಸಾಮಾನಿಗೆ ಎಲ್ಲರೂ ತಮಗೆ ಬೇಕಾದ ಐದು ವಸ್ತುಗಳ ಹೆಸರು ಚೀಟಿಯಲ್ಲಿ ಬರೆಯಿರಿ, ಒಬ್ಬರದು ಒಬ್ಬರು ನೋಡಬಾರದು. ನಾವು ಮಾತು ಮತ್ತೆ ಶುರುವಾದ ಮೇಲೆ ಹೀಗೆ ಮಾಡಿದೆವು. ಹದಿನೈದು ಹೆಸರಿನಲ್ಲಿ ಎರಡೇ ಎರಡು ತಾಕಿದವು. ಉಳಿದದ್ದಕ್ಕೆ ಜಗಳವೇ ಇರಲಿಲ್ಲ. ತಾಕಿದ್ದು ಪಾವು ಮತ್ತು ಪಟ್ಟದ ಗೊಂಬೆ. ಗೊಂಬೆ ವರ್ಷಕ್ಕೊಬ್ಬರ ಮನೆಯಲ್ಲಿ ಕೂರುತ್ತದೆ, ಈ ಸಲ ಪುಣೆಯಲ್ಲಿ ತಮ್ಮನ ಮನೆ. ಪಾವು ಅಮ್ಮನ ಜೊತೆ ಬೆಂಗಳೂರಿಗೆ ಬಂತು. ದಿನಾ ಅದರಲ್ಲೇ ಅಕ್ಕಿ ಅಳೆಯುತ್ತಾಳೆ, ನಮ್ಮ ಪ್ಲಾಸ್ಟಿಕ್ ಲೋಟ ಮುಟ್ಟೋದೇ ಇಲ್ಲ.

ಮನೆಗೆ ತಂದ ಮೇಲೆ ನೋಟ್‌ಬುಕ್ಕಿನ ಪುಟಗಳನ್ನು ಫೋನಿನಲ್ಲಿ ತೆಗೆದು ಎಲ್ಲರಿಗೂ ಕಳಿಸಿ, ಮೂಲವನ್ನು ಟ್ರಂಕಿನಲ್ಲೇ ಇಡಿ. ನಮ್ಮದರಲ್ಲಿ 64 ನಂಬರ್ ಆಗಿದೆ. ಅರವತ್ತಮೂರು ನನ್ನ ಕೈಬರಹ. 64ನೆಯದನ್ನು ಅಮ್ಮ ಯಾವಾಗಲೋ ತಾನೇ ಬರೆದಿದ್ದಾಳೆ: "ಗುಂಡಿ ಡಬ್ಬಿ. ಮೂರೂ ಮಕ್ಕಳ ಸ್ಕೂಲ್ ಅಂಗಿಯದು. ಯಾರೂ ಕೇಳಲಿಲ್ಲ. ನನ್ನ ಹತ್ತಿರ ಇರಲಿ." ಬಿಸ್ಕತ್ತಿನ ಹಳೇ ತಗಡಿನ ಡಬ್ಬಿ ಅದು. ಅದಕ್ಕೆ ಬೇವೂ ಬೇಡ, ಪಂಚೆಯೂ ಬೇಡ. ಮುಚ್ಚಳ ಬಿಗಿಯಾಗಿದೆ, ತೆಗೆಯೋಕೆ ಚಮಚದ ಹಿಡಿ ಬೇಕು.