ಮೈಯ ಎಲ್ಲ ಭಾಗಕ್ಕೂ ಹೆಸರಿದೆ: ಪುಟ್ಟ ಮಕ್ಕಳಿಗೆ ಕಲಿಸುವುದು ಹೇಗೆ?

"ಮೂಗು ಎಲ್ಲೈತಿ? ಕಿವಿ ಎಲ್ಲೈತಿ?" ಎಂದು ಮಗುವನ್ನು ಆಡಿಸದ ಮನೆ ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಇಲ್ಲವೇ ಇಲ್ಲ. ಒಂದೂವರೆ ವರ್ಷದ ಕೂಸು ಮೂಗಿಗೆ ಬೆರಳಿಡುತ್ತದೆ, ಕಿವಿ ಹಿಡಿಯುತ್ತದೆ, ಅಂಗಿ ಎತ್ತಿ ಹೊಕ್ಕಳು ತೋರಿಸುತ್ತದೆ. ಮನೆಮಂದಿಯೆಲ್ಲ ಚಪ್ಪಾಳೆ ತಟ್ಟುತ್ತಾರೆ. ಹೊಕ್ಕಳು ಮುಗಿದ ಕೂಡಲೇ ಆಟ ಸೀದಾ ಮೊಣಕಾಲಿಗೆ ಹೋಗುತ್ತದೆ. ನಡುವೆ ಇರುವುದಕ್ಕೆ ಹೆಸರೇ ಇಲ್ಲ. ಇದ್ದರೂ ಒಂದು ಮನೆಯಲ್ಲಿ 'ಗುಬ್ಬಿ', ಇನ್ನೊಂದರಲ್ಲಿ 'ಮೆಣಸಿನಕಾಯಿ', ಇಂಗ್ಲಿಷ್ ಮೀಡಿಯಂ ಮನೆಗಳಲ್ಲಿ 'ಶೇಮ್ ಶೇಮ್'.

ಈ 'ಶೇಮ್ ಶೇಮ್' ಬಗ್ಗೆ ನನಗೆ ತುಂಬಾ ಬೇಸರವಿದೆ. ಮೈಯ ಒಂದು ಭಾಗದ ಹೆಸರೇ 'ನಾಚಿಕೆ' ಎಂದಾದರೆ, ಅಲ್ಲಿ ನೋವಾದಾಗ ಮಗು ಯಾರ ಮುಂದೆ ಬಾಯಿ ಬಿಡಬೇಕು?

ಬಾಯಿ ಬಿಡಬೇಕಾದ ಸಂದರ್ಭಗಳು ಕಡಿಮೆಯೇನಲ್ಲ. ಉಚ್ಚೆ ಉರಿಯಾದರೆ ನಾಲ್ಕು ವರ್ಷದ ಹುಡುಗಿ "ಹೊಟ್ಟಿ ನೋಯ್ತೈತಿ" ಎನ್ನುತ್ತಾಳೆ. ನಾವು ಹೊಟ್ಟೆಗೆ ಓಂಕಾಳು ನೀರು ಕುಡಿಸುತ್ತೇವೆ. ಜಂತುಹುಳದಿಂದ ರಾತ್ರಿ ಗುದದ ಹತ್ತಿರ ತುರಿಕೆಯಾದರೆ ಮಗು ಅಳುತ್ತದೆ, ಎಲ್ಲಿ ಅಂತ ಹೇಳಲಾರದು. ಹುಡುಗರಲ್ಲಿ ವೃಷಣ ತಿರುಚಿಕೊಳ್ಳುವುದು ಅಂತ ಒಂದು ತೊಂದರೆ ಇದೆ. ಒಮ್ಮೆಲೇ ಜೋರು ನೋವು ಶುರುವಾಗುತ್ತದೆ, ವಾಂತಿಯೂ ಆಗಬಹುದು. ಸುಮಾರು ಆರು ಗಂಟೆಯೊಳಗೆ ಆಪರೇಷನ್ ಆದರೆ ವೃಷಣ ಉಳಿಯುವ ಸಾಧ್ಯತೆ ಜಾಸ್ತಿ. ತಡವಾದಷ್ಟೂ ಕೈತಪ್ಪುತ್ತದೆ. ಹುಡುಗ ನಾಚಿಕೊಂಡು ಹೊಟ್ಟೆ ಹಿಡಿದು ಮಲಗಿದರೆ, ಊರಿಂದ ಜಿಲ್ಲಾ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಆ ಹೊತ್ತು ಕಳೆದುಹೋಗುತ್ತದೆ.

ಇನ್ನೊಂದು ಕಾರಣವನ್ನೂ ನೇರವಾಗಿ ಹೇಳಬೇಕು. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ ಮಕ್ಕಳನ್ನು ಮಾತನಾಡಿಸಿ 2007ರಲ್ಲಿ ಒಂದು ವರದಿ ತಂದಿತು. ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದೇವೆ ಎಂದವರು ಶೇ 53ರಷ್ಟು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗರು. ಕಿರುಕುಳ ಕೊಟ್ಟವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಯದವರು. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ. "ಮಾಮಾ ನನ್ನ ಗುಬ್ಬಿ ಹಿಡಿದ" ಎಂದು ಮಗು ಹೇಳಿದರೂ ಅಂಗನವಾಡಿ ಟೀಚರ್‌ಗೆ ಅದು ಹಕ್ಕಿಯ ಮಾತು ಅನಿಸಬಹುದು. ಹೆಸರು ಗೊತ್ತಿರುವ ಮಗು ಹೇಳಬಲ್ಲದು. ಹೇಳಬಲ್ಲ ಮಗುವಿನ ತಂಟೆಗೆ ಹೋಗಲು ಕೆಟ್ಟವನೂ ಹೆದರುತ್ತಾನೆ.

ಮೊದಲು ನಿಮ್ಮ ನಾಲಿಗೆ ಪಳಗಲಿ

ಮಗುವಿಗೆ ಈ ಪದಗಳೇನೂ ಕಷ್ಟವಲ್ಲ. ಅದಕ್ಕೆ ಮೊಣಕೈಯೂ ಹೊಸದು, ಶಿಶ್ನವೂ ಹೊಸದು. ಕಷ್ಟ ಇರುವುದು ನಮಗೆ. ಅದಕ್ಕೇ ಗಂಡ ಹೆಂಡತಿ ಇಬ್ಬರೂ ಮೊದಲು ತಮ್ಮಲ್ಲೇ ಈ ಪದಗಳನ್ನು ಬಾಯಿಬಿಟ್ಟು ಹೇಳಿ ನೋಡಿ. ಹುಡುಗರಿಗೆ ಉಚ್ಚೆ ಬರುವ ಅಂಗ ಶಿಶ್ನ. ಅದರ ಕೆಳಗಿನ ಎರಡು ವೃಷಣ. ನಮ್ಮ ಹಳ್ಳಿಗಳಲ್ಲಿ 'ಬೀಜ' ಅಂದರೂ ನಡೆಯುತ್ತದೆ, ಡಾಕ್ಟರಿಗೂ ಅರ್ಥವಾಗುತ್ತದೆ. ಹುಡುಗಿಯರಿಗೆ ಯೋನಿ. ಶಾಲೆಯ ಪುಸ್ತಕದಲ್ಲಿ ಇದು ಒಳಗಿನ ದಾರಿಯ ಹೆಸರು. ಆದರೆ ಪುಟ್ಟ ಮಗುವಿಗೆ ಹೊರಗೆ ಕಾಣುವುದಕ್ಕೂ ಅದೇ ಪದ ಸಾಕು. ಎಲ್ಲರಿಗೂ ಇರುವುದು ಎದೆ, ಕುಂಡಿ, ಗುದದ್ವಾರ. 'ಕುಂಡಿ' ಒರಟು ಅಂತ ಅನಿಸಬೇಕಿಲ್ಲ, ಅದು ನಮ್ಮ ದಿನದ ಮಾತೇ ಅಲ್ವಾ?

ಮನೆಮಾತು ಮರಾಠಿ, ಉರ್ದು ಅಥವಾ ಲಂಬಾಣಿ ಆಗಿದ್ದರೆ ಆ ಭಾಷೆಯ ಪದವನ್ನೂ ಕಲಿಸಿ, ಕನ್ನಡದ್ದನ್ನೂ ಕಲಿಸಿ. ಬೆಳಗಾವಿ, ನಿಪ್ಪಾಣಿ ಕಡೆಯ ಮಕ್ಕಳು ಎರಡು ಮೂರು ಭಾಷೆ ಸಲೀಸಾಗಿ ಆಡುತ್ತಾರೆ. ಮಗು ಹೇಳಿದ್ದು ಮನೆಯ ಹೊರಗಿನ ಟೀಚರ್, ನರ್ಸ್, ಪೊಲೀಸರಿಗೂ ತಿಳಿಯಬೇಕು, ಅಷ್ಟೇ ಇದರ ಲೆಕ್ಕ. ಮುದ್ದಿನ ಹೆಸರು ಮನೆಯಲ್ಲಿ ಆಗಲೇ ರೂಢಿಯಾಗಿದ್ದರೆ ಅದನ್ನು ಬೈದು ಬಿಡಿಸಬೇಡಿ. "ನಾವು ಗುಬ್ಬಿ ಅಂತೀವಲ್ಲ, ಅದರ ಖರೇ ಹೆಸರು ಶಿಶ್ನ" ಎಂದು ಸೇರಿಸುತ್ತಾ ಹೋಗಿ. ಹಳೆಯದು ತಾನಾಗಿ ಬಿದ್ದುಹೋಗುತ್ತದೆ.

ಜಳಕದ ಹೊತ್ತೇ ಪಾಠದ ಹೊತ್ತು

ಇದಕ್ಕಾಗಿ ಮಗುವನ್ನು ಎದುರಿಗೆ ಕೂರಿಸಿಕೊಂಡು ಗಂಭೀರವಾಗಿ ಮಾತು ತೆಗೆಯಬೇಡಿ. ನಿಮ್ಮ ಮುಖ ನೋಡಿಯೇ ಅದಕ್ಕೆ ಏನೋ ತಪ್ಪಿದೆ ಅನಿಸುತ್ತದೆ. ದಿನಾ ಬಚ್ಚಲಲ್ಲಿ ಹೇಗೂ ಮೈ ತಿಕ್ಕುತ್ತೀರಿ. ಸೋಪು ಹಚ್ಚುತ್ತಾ ತಲೆಯಿಂದ ಕಾಲಿನವರೆಗೆ ಹೆಸರು ಹೇಳುತ್ತಾ ಬನ್ನಿ.

"ಇದು ಕಿವಿ. ಹಿಂದ ಎಷ್ಟ್ ಮಣ್ಣ ಕುಂತೈತಿ ನೋಡು. ಇದು ಬಗಲ. ಇದು ಹೊಟ್ಟಿ, ಇದು ಹೊಕ್ಕಳ. ಇದು ಶಿಶ್ನ, ಇಲ್ಲಿಂದ ಉಚ್ಚಿ ಬರತೈತಿ. ಇವು ವೃಷಣ. ಇದು ತೊಡಿ, ಇದು ಮೊಣಕಾಲ. ಅಯ್ಯ, ಮೊಣಕಾಲ ಯಾವಾಗ ಕೆತ್ತಿಸಿಕೊಂಡಿ?"

ಗಮನಿಸಿ, ಶಿಶ್ನಕ್ಕೆ ಬಂದಾಗ ದನಿ ಇಳಿದಿಲ್ಲ, ನಗು ಬಂದಿಲ್ಲ, ಅಲ್ಲೇ ನಿಂತು ಭಾಷಣವೂ ಆಗಿಲ್ಲ. ಹೊಕ್ಕಳಿಗೆ ಕೊಟ್ಟಷ್ಟೇ ಹೊತ್ತು ಅದಕ್ಕೂ. ಕೆತ್ತಿದ ಮೊಣಕಾಲಿಗೆ ಬೇಕಾದರೆ ಜಾಸ್ತಿ ಹೊತ್ತು. ವಾರದಲ್ಲಿ ಎರಡು ಮೂರು ಸಲ ಹೀಗೆ ಕಿವಿಗೆ ಬಿದ್ದರೆ ಸಾಕು, ಮಗುವೇ ಹೇಳತೊಡಗುತ್ತದೆ. ತಂಗಿಗೆ ಜಳಕ ಮಾಡಿಸುವಾಗ ಅಣ್ಣ ನೋಡಿ "ಇಕಿಗ್ಯಾಕ ಇಲ್ಲ?" ಎಂದು ಕೇಳುವುದು ಖಂಡಿತ. "ಹುಡುಗರಿಗೆ ಶಿಶ್ನ ಇರತೈತಿ, ಹುಡುಗೀರಿಗೆ ಯೋನಿ ಇರತೈತಿ" ಎಂದರೆ ಉತ್ತರ ಮುಗಿಯಿತು. ಹುಡುಗಿಗೆ ಏನೋ ಕಡಿಮೆ ಇದೆ ಎಂಬ ಮಾತು ಮಾತ್ರ ಬಾರದಿರಲಿ.

ತೊಳೆದುಕೊಳ್ಳುವುದನ್ನೂ ಇಲ್ಲೇ ಕಲಿಸಬಹುದು. ಹುಡುಗಿಯರು ಮುಂದಿನಿಂದ ಹಿಂದಕ್ಕೆ ತೊಳೆದುಕೊಳ್ಳಬೇಕು, ಆಗ ಮಲದ ಕ್ರಿಮಿ ಮೂತ್ರದ ದಾರಿಗೆ ಹೋಗುವುದಿಲ್ಲ. ಚಿಕ್ಕ ಹುಡುಗರ ಶಿಶ್ನದ ತುದಿಯ ಚರ್ಮ ಅಂಟಿಕೊಂಡೇ ಇರುತ್ತದೆ, ಅದು ಸಹಜ. ಬಲವಂತವಾಗಿ ಹಿಂದಕ್ಕೆ ಎಳೆದು ತೊಳೆಯಬಾರದು, ಗಾಯವಾಗುತ್ತದೆ. ಹೊರಗಿನಿಂದ ನೀರು ಹಾಕಿದರೆ ಸಾಕು. ಐದು ಆರು ವರ್ಷಕ್ಕೆ ಚೊಂಬು ಮಗುವಿನ ಕೈಗೇ ಕೊಡಿ.

ಆಯಿ, ಮುತ್ಯಾ, ಕಾಕಾ ಎಲ್ಲರಿಗೂ ತಿಳಿದಿರಲಿ

ನಮ್ಮ ಕಡೆ ಮಗು ಬೆಳೆಯುವುದು ತಾಯಿ ತಂದೆಯ ಕೈಯಲ್ಲಿ ಮಾತ್ರ ಅಲ್ಲ. ರಬಕವಿ ಬನಹಟ್ಟಿಯ ನೇಕಾರರ ಮನೆಗಳಲ್ಲಿ ತಾಯಿ ಕೆಲಸದಲ್ಲಿದ್ದರೆ ಕೂಸು ಆಯಿಯ ತೊಡೆಯ ಮೇಲೆ. ತಾಂಡಾಗಳಿಂದ ಕಬ್ಬು ಕಡಿಯಲು ಹೋದವರ ಮಕ್ಕಳು ತಿಂಗಳುಗಟ್ಟಲೆ ಅಜ್ಜ ಅಜ್ಜಿಯ ಹತ್ತಿರ. ನೀವು ಬಚ್ಚಲಲ್ಲಿ ಕಲಿಸಿದ್ದನ್ನು ಆಯಿ ಪಡಸಾಲೆಯಲ್ಲಿ "ಥೂ, ಹಂಗ ಅನಬಾರದು" ಎಂದು ಗದರಿದರೆ ಪಾಠ ಅಲ್ಲಿಗೇ ನಿಂತಿತು.

ಹಿರಿಯರ ಜೊತೆ ವಾದಕ್ಕೆ ಇಳಿಯಬೇಡಿ. ಆರೋಗ್ಯದ ಕಡೆಯಿಂದ ಮಾತು ತೆಗೆದರೆ ಅವರು ಬೇಗ ಒಪ್ಪುತ್ತಾರೆ. "ಅತ್ತಿ, ಕೂಸಿಗೆ ಅಲ್ಲಿ ಉರಿ ಆದ್ರ ಹೆಸರ ಹಿಡದ ಹೇಳಬೇಕಲ್ಲ, ಡಾಕ್ಟರೂ ಅದನ್ನ ಕೇಳತಾರ" ಎಂದು ನೋಡಿ. ಮಕ್ಕಳ ಆರೈಕೆ ನಿಮಗಿಂತ ಜಾಸ್ತಿ ಕಂಡವರು ಅವರು. ಆ ಪದ ತಮ್ಮ ಬಾಯಲ್ಲಿ ಬರುವುದಿಲ್ಲ ಎಂದರೆ ಬಿಡಿ. ಮಗು ಹೇಳಿದಾಗ ಗದರದಿದ್ದರೆ ಅಷ್ಟೇ ಸಾಕು.

ಒಂದನ್ನು ಮಾತ್ರ ಗಟ್ಟಿಯಾಗಿ ನಿಲ್ಲಿಸಬೇಕು. ಚಡ್ಡಿ ಇಲ್ಲದೆ ಓಡಾಡುವ ಗಂಡುಕೂಸನ್ನು ಕಂಡರೆ "ಕಾಗಿ ಒಯ್ತು ನೋಡು" ಎಂದು ಕೈ ಚಾಚಿ ಚೇಷ್ಟೆ ಮಾಡುವ ರೂಢಿ ನಮ್ಮಲ್ಲಿದೆ. ಮಾಡುವವರ ಮನಸ್ಸಲ್ಲಿ ಕೆಟ್ಟದ್ದಿರುವುದಿಲ್ಲ. ಕೂಸು ಎರಡೂ ಕೈಯಲ್ಲಿ ಮುಚ್ಚಿಕೊಂಡು ಓಡುತ್ತದೆ, ಎಲ್ಲರೂ ನಗುತ್ತಾರೆ. ಆದರೆ ದೊಡ್ಡವರು ಅಲ್ಲಿಗೆ ಕೈ ಹಾಕಬಹುದು, ಹಾಕಿದರೆ ಸುತ್ತಲಿನವರು ನಗುತ್ತಾರೆ ಎಂಬುದನ್ನು ಆ ಕೂಸು ಕಲಿಯುತ್ತದೆ. ನಾಳೆ ಯಾರೋ ಕೆಟ್ಟ ಮನಸ್ಸಿನಿಂದಲೇ ಕೈ ಹಾಕಿದಾಗ ಅದು ಮತ್ತೆ ಯಾಕೆ ಬಂದು ಹೇಳೀತು? "ಮಾಮಾ, ಅವಗ ಅದು ಸೇರೂದಿಲ್ಲ, ಬ್ಯಾಡ್ರಿ" ಎಂದು ಮಗುವಿನ ಎದುರಿಗೇ ಹೇಳಿ. ತನ್ನ ಪರವಾಗಿ ನೀವು ಮಾತಾಡಿದ್ದನ್ನು ಅದು ಕೇಳಿಸಿಕೊಳ್ಳಲಿ.

"ಮಾಮಾಗ ಒಂದು ಪಪ್ಪಿ ಕೊಡು" ಎಂಬ ಒತ್ತಾಯವೂ ಇಂಥದ್ದೇ. ಮಗು ಹಿಂದೆ ಸರಿದರೆ ಬಿಡಿ. ಕೈ ಮುಗಿದು ನಮಸ್ಕಾರ ಮಾಡಿದರೆ ಮರ್ಯಾದೆಗೇನೂ ಕೊರತೆಯಿಲ್ಲ.

ಮೂರು ನಾಲ್ಕು ವರ್ಷಕ್ಕೆ ನಿಯಮ

ಹೆಸರು ಬಾಯಿಗೆ ಬಂದ ಮೇಲೆ ನಿಯಮ. ಚಡ್ಡಿಯೊಳಗೆ ಇರುವುದು, ಎದೆ, ಬಾಯಿ ಇವು ನಿನ್ನ ಸ್ವಂತದವು. ಬೇರೆಯವರು ಮುಟ್ಟಬಾರದು, ನೋಡಬಾರದು, ಫೋಟೊ ತೆಗೆಯಬಾರದು. ತಮ್ಮದನ್ನು ಮುಟ್ಟು ಅಂತ ನಿನಗೆ ಹೇಳಲೂಬಾರದು. ತೊಳೆಯುವಾಗ ಅವ್ವ, ಆಯಿ ಮುಟ್ಟಬಹುದು. ಡಾಕ್ಟರ್ ಮುಟ್ಟಬಹುದು, ಆದರೆ ಅವ್ವನೋ ಅಪ್ಪನೋ ಪಕ್ಕದಲ್ಲಿರಬೇಕು.

ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ ಅಂತ ಎಲ್ಲ ಕಡೆ ಹೇಳಿಕೊಡುತ್ತಾರೆ. ಅದು ಅರ್ಧ ಪಾಠ ಎಂಬುದು ನನ್ನ ಅಭಿಪ್ರಾಯ. ಇಂಜೆಕ್ಷನ್ ನೋಯುತ್ತದೆ, ಆದರೆ ಅದು ಕೆಟ್ಟದ್ದಲ್ಲ. ಕಚಗುಳಿ ಇಡುತ್ತಾ, ಚಾಕಲೇಟ್ ಕೊಡುತ್ತಾ ಮುಟ್ಟುವವನ ಕೈ ನೋಯುವುದಿಲ್ಲ, ಆದರೆ ಅದು ತಪ್ಪು. ಹಾಗಾಗಿ ನೋವಾಯಿತೋ ಇಲ್ಲವೋ ಎಂಬುದನ್ನು ಮಗುವಿನ ತಲೆಗೆ ಹಾಕಬೇಡಿ. ಯಾರು ಮುಟ್ಟಿದರು, ಯಾಕೆ ಮುಟ್ಟಿದರು, ಯಾರಿಗೂ ಹೇಳಬೇಡ ಅಂದರಾ, ಇಷ್ಟನ್ನೇ ಕಲಿಸಿ. "ಮೈ ಮುಟ್ಟೋದ್ರಾಗ ಗುಟ್ಟು ಇರೂದಿಲ್ಲ. ಗುಟ್ಟು ಇಡು ಅಂದ್ರ ಅದನ್ನ ಮೊದಲ ನನಗ ಹೇಳು" ಎಂದು ಆಗಾಗ ನೆನಪಿಸಿ. ಯಾರಿಗೆ ಹೇಳಬಹುದು ಎಂದು ಮಗುವಿನಿಂದಲೇ ಮೂರು ನಾಲ್ಕು ಹೆಸರು ಹೇಳಿಸಿ. ಒಬ್ಬರು ಕೇಳದಿದ್ದರೆ ಇನ್ನೊಬ್ಬರಿಗೆ ಹೇಳು ಎನ್ನಿ.

ಬೇಸಿಗೆ ರಜೆ, ಜಾತ್ರೆ, ಮದುವೆ ಮನೆ ಬಂದಾಗ ಈ ಮಾತು ಮತ್ತೊಮ್ಮೆ ಆಗಲಿ. ಸೆಕೆಗೆ ಮಾಳಿಗೆ ಮೇಲೆ ಹದಿನೈದು ಇಪ್ಪತ್ತು ಜನ ಸಾಲಾಗಿ ಮಲಗುತ್ತೇವೆ. ಅದು ನಮ್ಮ ಸುಖ, ಬಿಡಬೇಕಿಲ್ಲ. ಚಿಕ್ಕ ಮಕ್ಕಳ ಹಾಸಿಗೆ ಮಾತ್ರ ನಿಮ್ಮ ಪಕ್ಕದಲ್ಲಿರಲಿ.

ಬಸ್ಸಿನಲ್ಲಿ ಜೋರಾಗಿ ಕೂಗಿದರೆ?

ಕೂಗುತ್ತದೆ. ಇಳಕಲ್‌ನಿಂದ ಬಾಗಲಕೋಟೆಗೆ ಹೊರಟ ಬಸ್ಸಿನಲ್ಲಿ, ಎಲ್ಲರಿಗೂ ಕೇಳುವಂತೆ, ಹೊಸದಾಗಿ ಕಲಿತ ಪದವನ್ನು ಹಾಡಿನಂತೆ ಹೇಳುತ್ತದೆ. ಬಾಯಿ ಮುಚ್ಚಿಸಬೇಡಿ, ಹೊಡೆಯಬೇಡಿ. "ಹೌದು. ಆ ಮಾತು ಮನ್ಯಾಗ ಆಡೋಣ, ಇಲ್ಲಾ ಡಾಕ್ಟರ್ ಹತ್ರ ಆಡೋಣ" ಎಂದು ಕಿಟಕಿಯ ಹೊರಗೆ ಎತ್ತು ತೋರಿಸಿ. ಪದ ಕೆಟ್ಟದ್ದಲ್ಲ, ಅದನ್ನು ಆಡುವ ಜಾಗ ಬೇರೆ. ಇಷ್ಟು ಮೂರು ವರ್ಷದ ಮಗುವಿಗೂ ತಿಳಿಯುತ್ತದೆ.

ಮಗು ಬಂದು ಏನಾದರೂ ಹೇಳಿದರೆ

ಆ ಹೊತ್ತಿನಲ್ಲಿ ನಿಮ್ಮ ಮುಖವೇ ಎಲ್ಲ. ಚೀರಿದರೆ, ಅತ್ತರೆ, "ಅಂವಾ ಅಂಥಾವಲ್ಲ" ಎಂದರೆ ಮಗು ಮುಂದಿನದನ್ನು ನುಂಗಿಬಿಡುತ್ತದೆ. ಕುಳಿತುಕೊಳ್ಳಿ. "ಹೇಳಿದ್ದು ಚಲೋ ಆತು. ನಿಂದೇನೂ ತಪ್ಪಿಲ್ಲ" ಎನ್ನಿ. "ಆಮ್ಯಾಲ ಏನಾತು?" ಎಂದಷ್ಟೇ ಕೇಳಿ. "ಅಂವಾ ಹಿಂಗ ಮಾಡಿದನೇನು?" ಎಂದು ನೀವೇ ಉತ್ತರ ತುಂಬಬೇಡಿ. ಮಗು ಆಡಿದ ಮಾತನ್ನು ಅದರದೇ ಪದಗಳಲ್ಲಿ ಬರೆದಿಡಿ. ನೆಂಟರ ಮುಂದೆಲ್ಲ ಮತ್ತೆ ಮತ್ತೆ ಹೇಳಿಸಬೇಡಿ. ಅದೇ ದಿನ ಆಗಿದ್ದರೆ ಆ ಬಟ್ಟೆ ಒಗೆಯದೆ ತೆಗೆದಿಡಿ.

ನಂತರ 1098ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ ಅದು, ದುಡ್ಡು ಬೀಳುವುದಿಲ್ಲ, ಹಗಲು ರಾತ್ರಿ ಇರುತ್ತದೆ. ತುರ್ತು ಇದ್ದರೆ 112. ಮಕ್ಕಳನ್ನು ಲೈಂಗಿಕ ಕಿರುಕುಳದಿಂದ ಕಾಪಾಡುವ ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಂದು ಜಾರಿಗೆ ಬಂತು. 18 ವರ್ಷದೊಳಗಿನ ಹುಡುಗ ಹುಡುಗಿ ಇಬ್ಬರಿಗೂ ಅದು ಅನ್ವಯಿಸುತ್ತದೆ. ಪೊಲೀಸರು ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗುವಿಗೆ ಬೇಕಾದ ಜಾಗದಲ್ಲಿ, ಯೂನಿಫಾರ್ಮ್ ಇಲ್ಲದೆ ಪಡೆಯಬೇಕು. ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು. ಹುಡುಗಿಯನ್ನು ಪರೀಕ್ಷೆ ಮಾಡುವವರು ಮಹಿಳಾ ವೈದ್ಯರೇ ಆಗಿರಬೇಕು. ಮೊದಲು ಪೊಲೀಸ್ ಕಾಗದ ತನ್ನಿ, ಆಮೇಲೆ ಚಿಕಿತ್ಸೆ ಎಂದು ಆಸ್ಪತ್ರೆಯವರು ಹೇಳುವಂತಿಲ್ಲ. ಮಗುವಿನ ಹೆಸರು, ಊರು, ಶಾಲೆ ಪತ್ರಿಕೆಯಲ್ಲಿ ಬರುವಂತಿಲ್ಲ. ವಿಷಯ ಗೊತ್ತಿದ್ದೂ ದೂರು ಕೊಡದಿರುವುದು ದೊಡ್ಡವರಿಗೆ ಅಪರಾಧ, ಆರು ತಿಂಗಳವರೆಗೆ ಜೈಲು ಆಗಬಹುದು. ಹಿರಿಯರು ಕುಳಿತು ಒಳಗೊಳಗೇ ಬಗೆಹರಿಸುವ ಜಗಳ ಇದಲ್ಲ.

ಶಾಲೆಗೆ ಹೋಗುವ ಹೊತ್ತಿಗೆ

ಅಂಗನವಾಡಿಗೋ ಎಲ್‌ಕೆಜಿಗೋ ಸೇರಿಸುವ ದಿನ ಟೀಚರ್‌ಗೆ ಒಂದು ಮಾತು ಹೇಳಿಬಿಡಿ: ನಮ್ಮ ಮಗು ಈ ಪದಗಳನ್ನು ಬಳಸುತ್ತದೆ, ಕೇಳಿದರೆ ಗದರಬೇಡಿ. ಟಾಯ್ಲೆಟ್‌ಗೆ ಯಾರು ಕರೆದೊಯ್ಯುತ್ತಾರೆ, ಬಟ್ಟೆ ಹೊಲಸಾದರೆ ಯಾರು ಬದಲಿಸುತ್ತಾರೆ ಎಂದೂ ಕೇಳಿ. ಕೇಳಿದ್ದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಹುಡುಗಿಯರ ಮೈ ಎಂಟು ವರ್ಷದಿಂದ ಹದಿಮೂರರೊಳಗೆ ಬದಲಾಗತೊಡಗುತ್ತದೆ, ಹುಡುಗರದು ಒಂಬತ್ತರಿಂದ ಹದಿನಾಲ್ಕರೊಳಗೆ. ಎಂಟು ತುಂಬುವ ಹೊತ್ತಿಗೆ ಗರ್ಭಕೋಶ, ಮುಟ್ಟು ಎಂಬ ಪದಗಳು ಮಗಳಿಗೂ ಮಗನಿಗೂ ಗೊತ್ತಿರಲಿ. ಮುಂಚೆಯೇ ಶಿಶ್ನ, ಯೋನಿ ಎಂದು ಸಲೀಸಾಗಿ ಆಡಿದ ಮನೆಯಲ್ಲಿ ಇದನ್ನು ಹೇಳಲು ರೊಟ್ಟಿ ಬಡಿಯುವಷ್ಟು ಹೊತ್ತು ಸಾಕು.