ಡಿಫರೆನ್ಸ್ ಈಕ್ವೇಶನ್: ನಿಲ್ಲುವ ಸಂಖ್ಯೆಯನ್ನು ಮೊದಲು ಹುಡುಕಿ

ಈಗಿನ ಸಂಖ್ಯೆ ಗೊತ್ತಿದ್ದರೆ ಮುಂದಿನದು ಎಷ್ಟು ಅಂತ ಹೇಳುವ ನಿಯಮವೇ ಡಿಫರೆನ್ಸ್ ಈಕ್ವೇಶನ್. ಪ್ರೋಗ್ರಾಮಿಂಗ್ ಕೆಲಸದ ನಡುವೆ ನಾನೇ ಕೂತು ಇದನ್ನು ಕಲಿತೆ. ಸೂತ್ರಗಳನ್ನು ಬಾಯಿಪಾಠ ಮಾಡಲಿಲ್ಲ. ಸಂಖ್ಯೆಗಳನ್ನು ಸಾಲಾಗಿ ಬರೆದು ನೋಡಿದೆ.

ಶುರು ಮಾಡಿದ್ದು ಟವರ್ ಆಫ್ ಹನಾಯ್‌ನಿಂದ. ಫ್ರಾನ್ಸಿನ ಗಣಿತಜ್ಞ ಎದುವಾರ್ ಲ್ಯೂಕಾ 1883ರಲ್ಲಿ ಹೊರತಂದ ಆಟ ಇದು. ಮೂರು ಕಂಬಗಳಿರುತ್ತವೆ. ಒಂದರಲ್ಲಿರುವ ಬಿಲ್ಲೆಗಳನ್ನೆಲ್ಲ ಇನ್ನೊಂದಕ್ಕೆ ಸಾಗಿಸಬೇಕು, ಸಲಕ್ಕೆ ಒಂದೇ ಬಿಲ್ಲೆ, ಚಿಕ್ಕದರ ಮೇಲೆ ದೊಡ್ಡದು ಇಡುವಂತಿಲ್ಲ. ಒಂದು ಬಿಲ್ಲೆ ಹೆಚ್ಚಾದರೆ ಹಿಂದಿನ ಲೆಕ್ಕದ ಎರಡರಷ್ಟು ನಡೆ, ಜೊತೆಗೆ ಇನ್ನೊಂದು: 1, 3, 7, 15, 31. ಪ್ರತಿಯೊಂದಕ್ಕೂ 1 ಕೂಡಿಸಿದರೆ 2, 4, 8, 16, 32. ಕೂಡಿಸಲು 1 ಅನ್ನೇ ಯಾಕೆ ಆರಿಸಬೇಕು? ಅಲ್ಲಿ ನಾನು ತುಂಬಾ ಹೊತ್ತು ನಿಂತೆ. ಎರಡರಷ್ಟು ಮಾಡಿ 1 ಸೇರಿಸಿದರೂ ಬದಲಾಗದ ಸಂಖ್ಯೆ ಮೈನಸ್ 1. ಅಲ್ಲಿಂದ ನಮ್ಮ ಸಂಖ್ಯೆಗಿರುವ ದೂರ ಪ್ರತಿ ಸಲ ದುಪ್ಪಟ್ಟಾಗುತ್ತದೆ, ಅಷ್ಟೇ!

ಇದು ಹೊಳೆದ ಮೇಲೆ ಔಷಧದ ಲೆಕ್ಕ ಸಲೀಸಾಯಿತು. ಪ್ರತಿ ಸಲ 100 ಮಿಲಿಗ್ರಾಂ ಮಾತ್ರೆ, ಮುಂದಿನದು ನುಂಗುವ ಹೊತ್ತಿಗೆ ಮೈಯಲ್ಲಿ ಅರ್ಧ ಉಳಿದಿರುತ್ತದೆ ಅಂದುಕೊಳ್ಳಿ. 100, 150, 175, 187.5. ಬದಲಾಗದ ಸಂಖ್ಯೆ 200. ಅಲ್ಲಿಗಿರುವ ದೂರ ಪ್ರತಿ ಸಲ ಅರ್ಧವಾಗುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ಜೀವಿಗಳ ಸಂಖ್ಯೆಯ ಲೆಕ್ಕ. ವಿಜ್ಞಾನಿ ರಾಬರ್ಟ್ ಮೇ 1976ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದು ಇದನ್ನು ಎಲ್ಲರ ಗಮನಕ್ಕೆ ತಂದರು. ಒಂದು ಪೀಳಿಗೆ ಸತ್ತ ಮೇಲೆ ಇನ್ನೊಂದು ಹುಟ್ಟುವ ಕೀಟಗಳನ್ನು ನೆನೆಸಿಕೊಳ್ಳಿ. ಜಾಗದಲ್ಲಿ ಹಿಡಿಸುವ ಗರಿಷ್ಠ ಸಂಖ್ಯೆಯನ್ನು 1 ಅಂದುಕೊಂಡು, ಈಗಿರುವುದನ್ನು ಅದರ ಪಾಲಾಗಿ ಬರೆಯಿರಿ. ಈಗಿನ ಪಾಲು, ಉಳಿದಿರುವ ಜಾಗದ ಪಾಲು, ಬೆಳವಣಿಗೆಯ ದರ, ಈ ಮೂರನ್ನು ಗುಣಿಸಿದರೆ ಮುಂದಿನ ಪೀಳಿಗೆಯ ಪಾಲು. ಇಲ್ಲಿ ಯಾವುದೋ ಒಂದು ಪೀಳಿಗೆಯ ಪಾಲನ್ನು ಒಮ್ಮೆಗೇ ಹೇಳುವ ನೇರ ಸೂತ್ರ ಸಾಮಾನ್ಯವಾಗಿ ಸಿಗುವುದಿಲ್ಲ. ಆದರೆ ಬದಲಾಗದ ಸಂಖ್ಯೆ ಸಿಗುತ್ತದೆ. 1ನ್ನು ದರದಿಂದ ಭಾಗಿಸಿ, ಬಂದದ್ದನ್ನು 1ರಿಂದ ಕಳೆದರೆ ಸಾಕು. ಅದರ ಹತ್ತಿರದಲ್ಲಿ ದೂರವು ಪ್ರತಿ ಪೀಳಿಗೆಗೂ ಸುಮಾರು '2 ಮೈನಸ್ ದರ'ದಷ್ಟು ಪಟ್ಟಾಗುತ್ತದೆ. ದರ 2.8 ಆದರೆ ಮೈನಸ್ 0.8 ಪಟ್ಟು: ಆಚೆ ಈಚೆ ಓಲಾಡುತ್ತಾ 0.643ಕ್ಕೆ ಬಂದು ನಿಲ್ಲುತ್ತದೆ. 3.2 ಆದರೆ ಮೈನಸ್ 1.2 ಪಟ್ಟು. ದೂರ ಬೆಳೆದು, ಕೊನೆಗೆ 0.513 ಮತ್ತು 0.799ರ ನಡುವೆ ತಿರುಗುತ್ತಲೇ ಇರುತ್ತದೆ. ದರ 3.57 ದಾಟಿದ ಮೇಲೆ ಹೆಚ್ಚಿನ ಕಡೆ ಯಾವ ಕ್ರಮವೂ ಇರುವುದಿಲ್ಲ. ಇಷ್ಟು ಸಣ್ಣ ನಿಯಮದಲ್ಲಿ ಇದೆಲ್ಲ ಅಡಗಿದೆ ಅನ್ನುವುದು ನನಗೆ ಈಗಲೂ ಬೆರಗು.

ನೀವೂ ಎಕ್ಸೆಲ್‌ನಲ್ಲಿ ಮಾಡಿ ನೋಡಿ. ದರವನ್ನು ಒಂದೇ ಸೆಲ್‌ನಲ್ಲಿಡಿ, ಸ್ವಲ್ಪ ಸ್ವಲ್ಪವೇ ಏರಿಸಿ. ಸರಿಯಾಗಿ 3 ಇಟ್ಟಾಗ ಮಾತ್ರ ತಾಳ್ಮೆ ಬೇಕು. ನೂರನೇ ಸಾಲಿನಲ್ಲೂ ಎರಡನೇ ದಶಮಾಂಶ ಓಲಾಡುತ್ತಿರುತ್ತದೆ.